‘ದೀದಿ, ಅವರ ಚೀಲ ಯಾಕೆ ನೋಡಲ್ಲ?’

ಸಂಜೆ ನಾಲ್ಕೂವರೆಯ ಹೊತ್ತು. ಕಣದ ಅಂಚಿನಲ್ಲಿ ತೂಕ ನಡೆದಿತ್ತು. ದಿನವಿಡೀ ಕೊಯ್ದ ಕಾಫಿ ಹಣ್ಣಿನ ಚೀಲವನ್ನು ಒಬ್ಬೊಬ್ಬರಾಗಿ ತಂದು ತಕ್ಕಡಿಯ ಕೊಕ್ಕೆಗೆ ಸಿಕ್ಕಿಸುತ್ತಿದ್ದರು. ನಾನು ಅಂಕಿ ನೋಡಿ ಪುಸ್ತಕದಲ್ಲಿ ಬರೆಯುತ್ತಿದ್ದೆ. ಅಸ್ಸಾಮಿನಿಂದ ಬಂದ ಗಂಡ ಹೆಂಡತಿಯ ಸರದಿ ಬಂತು. ‘ಸುರೀರಿ’ ಅಂದೆ. ಅವರು ಟಾರ್ಪಾಲಿನ ಮೇಲೆ ಚೀಲ ಸುರಿದರು. ಕೈಯಾಡಿಸಿ ನೋಡಿದೆ. ಕೆಂಪು ಹಣ್ಣಿನ ನಡುವೆ ಅಲ್ಲಲ್ಲಿ ಹಸಿರು ಕಾಯಿ ಇತ್ತು. ‘ಎರಡು ಕೆ.ಜಿ. ಕಟ್’ ಎಂದು ಬರೆದುಕೊಂಡೆ.

ಆಗ ಆಕೆ ಅರ್ಧ ಹಿಂದಿ, ಅರ್ಧ ಕನ್ನಡದಲ್ಲಿ ಕೇಳಿದಳು: ‘ದೀದಿ, ಅವರ ಚೀಲ ಯಾಕೆ ನೋಡಲ್ಲ?’

ದನಿಯಲ್ಲಿ ಜಗಳ ಇರಲಿಲ್ಲ. ನಿಜಕ್ಕೂ ತಿಳಿದುಕೊಳ್ಳಲೆಂದೇ ಕೇಳಿದಂತಿತ್ತು. ‘ಅವರು’ ಅಂದರೆ ಅದಕ್ಕೆ ಮುಂಚೆ ತೂಕ ಮಾಡಿಸಿಕೊಂಡು ಹೋದ ನಮ್ಮೂರಿನವರು. ನನ್ನ ಹತ್ತಿರ ಉತ್ತರ ಇರಲಿಲ್ಲ. ‘ಮುಂದಿನವರು ಬನ್ನಿ’ ಅಂದುಬಿಟ್ಟೆ.

ಆ ರಾತ್ರಿ ಊಟ ಸೇರಲಿಲ್ಲ.

ರೈಟರ್ ಮಗಳ ಹತ್ತು ದಿನದ ಅಧಿಕಾರ

ನನ್ನಪ್ಪ ಕೊಟ್ಟಿಗೆಹಾರದಿಂದ ಕಳಸದ ಕಡೆ ಹೋಗುವ ರಸ್ತೆಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ಹೊರಗಿನವರಿಗೆ ಈ ಪದ ಕೇಳಿದರೆ ಕತೆ ಬರೆಯುವವರು ಅನ್ನಿಸಬಹುದು. ನಮ್ಮಲ್ಲಿ ರೈಟರ್ ಎಂದರೆ ಬೆಳಿಗ್ಗೆ ಆಳುಗಳ ಹಾಜರಿ ಹಾಕಿ, ಯಾರು ಯಾವ ಕೆಲಸಕ್ಕೆ ಎಂದು ಹಂಚಿ, ಸಂಜೆ ತೂಕ ಬರೆದು, ವಾರಕ್ಕೊಮ್ಮೆ ಬಟವಾಡೆ ಮಾಡುವವರು. ನಾನು ಚಿಕ್ಕಮಗಳೂರಿನಲ್ಲಿ ಎಲೆಕ್ಟ್ರಾನಿಕ್ಸ್ ಬಿ.ಇ. ಓದುತ್ತಿದ್ದೇನೆ. ಕಳೆದ ಜನವರಿಯಲ್ಲಿ ಐದನೇ ಸೆಮಿಸ್ಟರ್ ಪರೀಕ್ಷೆ ಮುಗಿಸಿ ಊರಿಗೆ ಬಂದಾಗ ಅಪ್ಪ ಬೈಕಿನಿಂದ ಬಿದ್ದು ಬಲಗೈಗೆ ಪಟ್ಟಿ ಹಾಕಿಸಿಕೊಂಡಿದ್ದರು. ಅರೇಬಿಕಾ ಕೊಯ್ಲು ಇನ್ನೂ ಮುಗಿದಿರಲಿಲ್ಲ, ರೊಬಸ್ಟಾ ಹಣ್ಣಾಗುತ್ತಿತ್ತು. ಕೊಯ್ಲಿನ ಸಮಯದಲ್ಲಿ ರಜೆ ಕೇಳುವಂತಿಲ್ಲ. ‘ನಾನು ಪಕ್ಕದಲ್ಲಿ ಕೂತಿರ್ತೀನಿ, ನೀನು ಬರಿ’ ಎಂದು ಅಪ್ಪ ಪುಸ್ತಕ ನನ್ನ ಕೈಗಿಟ್ಟರು.

ಹಣ್ಣು ಕೊಯ್ಯುವವರಿಗೆ ಕೆ.ಜಿ. ಲೆಕ್ಕದಲ್ಲಿ ಸಂಬಳ. ಹಣ್ಣಿನ ಜೊತೆ ಹಸಿರು ಕಾಯಿ ಸೇರಿದರೆ ಪಲ್ಪರಿಗೂ ತೊಂದರೆ, ಕಾಫಿಯ ರುಚಿಯೂ ಕೆಡುತ್ತದೆ. ಹಾಗಾಗಿ ಕಾಯಿ ಹೆಚ್ಚಿದ್ದರೆ ತೂಕದಲ್ಲಿ ಒಂದೆರಡು ಕೆ.ಜಿ. ಕಳೆಯುವುದು ರೂಢಿ. ನಿಯಮ ಎಲ್ಲರಿಗೂ ಒಂದೇ. ತಕ್ಕಡಿಯೂ ಒಂದೇ, ಅದೂ ಡಿಜಿಟಲ್. ನಾನು ಮೋಸ ಮಾಡುವವಳಲ್ಲ ಎಂದು ನನ್ನ ಬಗ್ಗೆ ನನಗೆ ನಂಬಿಕೆಯೂ ಇತ್ತು.

ಆ ರಾತ್ರಿ ಪುಸ್ತಕ ತೆಗೆದು ಕೂತೆ. ಒಂಬತ್ತು ದಿನದ ಲೆಕ್ಕ ನನ್ನದೇ ಕೈಬರಹದಲ್ಲಿತ್ತು. ‘ಕಟ್’ ಎಂದು ಬರೆದ ಜಾಗಕ್ಕೆಲ್ಲ ಪೆನ್ಸಿಲಿನಲ್ಲಿ ಗುರುತು ಹಾಕುತ್ತಾ ಹೋದೆ. ಅಸ್ಸಾಮಿನ ಮೂರು ಜೋಡಿಗಳ ತೂಕದಲ್ಲಿ ಒಟ್ಟು 31 ಕೆ.ಜಿ. ಕಳೆದಿದ್ದೆ. ಊರಿನವರ ತೂಕದಲ್ಲಿ ಕಳೆದದ್ದು ಸೊನ್ನೆ. ಊರಿನವರ ಚೀಲದಲ್ಲಿ ಕಾಯಿ ಇರಲಿಲ್ಲ ಎಂದಲ್ಲ. ಒಂಬತ್ತು ದಿನದಲ್ಲಿ ಅವರದೊಂದು ಚೀಲವನ್ನೂ ನಾನು ಸುರಿಸಿಯೇ ಇರಲಿಲ್ಲ.

ಹೀಗೆ ಮಾಡು ಎಂದು ಯಾರೂ ಹೇಳಿಕೊಟ್ಟಿರಲಿಲ್ಲ. ‘ಅಸ್ಸಾಮಿನವರು ಕಾಯಿ ಪೂರ್ತಿ ಬಾಚಿಬಿಡ್ತಾರೆ’ ಎಂಬ ಮಾತನ್ನು ಬಸ್ಸಿನಲ್ಲಿ, ಅಂಗಡಿಯಲ್ಲಿ, ಮದುವೆ ಮನೆಯಲ್ಲಿ ಕೇಳುತ್ತಲೇ ಇದ್ದೆ. ಆ ಮಾತನ್ನು ನಾನು ನಂಬಿದ್ದೇನೆ ಎಂದು ನನಗೇ ಗೊತ್ತಿರಲಿಲ್ಲ. ಕೈಗೆ ಗೊತ್ತಿತ್ತು. ಅವರ ಚೀಲ ಬಂದಾಗ ಕೈ ತಾನಾಗಿ ಟಾರ್ಪಾಲಿನ ಕಡೆ ತೋರಿಸುತ್ತಿತ್ತು.

ನನಗೂ ಹೀಗೇ ಆಗಿತ್ತು

ಇದರಲ್ಲೊಂದು ತಮಾಷೆಯಿದೆ. ಇದೇ ವಿಷಯಕ್ಕೆ ಅದಕ್ಕೂ ಎರಡು ತಿಂಗಳ ಹಿಂದೆ ನಾನು ಕಾಲೇಜಿನಲ್ಲಿ ಮುಖ ಊದಿಸಿಕೊಂಡಿದ್ದೆ. ಮಿನಿ ಪ್ರಾಜೆಕ್ಟಿಗೆ ನಾಲ್ಕು ಜನರ ಗುಂಪು, ಮೂವರು ಹುಡುಗರು ಮತ್ತು ನಾನು. ಮೊದಲ ದಿನವೇ ಕೆಲಸ ಹಂಚಿಕೆಯಾಯಿತು. ಸರ್ಕ್ಯೂಟ್ ಒಬ್ಬನಿಗೆ, ಕೋಡಿಂಗ್ ಇನ್ನೊಬ್ಬನಿಗೆ, ಟೆಸ್ಟಿಂಗ್ ಮತ್ತೊಬ್ಬನಿಗೆ. ‘ನೀನು ರಿಪೋರ್ಟು, ಪಿಪಿಟಿ ಮಾಡ್ಬಿಡು, ನೀಟಾಗಿ ಮಾಡ್ತೀಯಾ.’ ಅವರು ಕೆಟ್ಟವರಲ್ಲ. ಪರೀಕ್ಷೆಗೆ ನೋಟ್ಸ್ ಕೊಟ್ಟವರು, ಜ್ವರ ಬಂದಾಗ ಮಾತ್ರೆ ತಂದುಕೊಟ್ಟವರು. ನನ್ನನ್ನು ಕೆಳಗಿಡಬೇಕೆಂದು ಅವರು ಯೋಚಿಸಿರಲಿಲ್ಲ. ಯೋಚಿಸಲೇ ಇಲ್ಲ ಎನ್ನುವುದೇ ತೊಂದರೆ. ವೈವಾದಲ್ಲಿ ಸರ್ಕ್ಯೂಟಿನ ಪ್ರಶ್ನೆ ಬಂದಾಗ ನಾನು ಬಾಯಿ ಬಿಡಲಾಗಲಿಲ್ಲ. ನೋಡುವವರಿಗೆ ‘ಹುಡುಗಿಯರಿಗೆ ಹಾರ್ಡ್‌ವೇರ್ ಬರಲ್ಲ’ ಎಂಬುದಕ್ಕೆ ಇನ್ನೊಂದು ಸಾಕ್ಷಿ ಸಿಕ್ಕಿತು.

ನನಗೆ ಕೆಲಸ ಕೊಡಲಿಲ್ಲ, ಆದ್ದರಿಂದ ನನಗೆ ಬರಲಿಲ್ಲ. ನನಗೆ ಬರಲಿಲ್ಲ, ಆದ್ದರಿಂದ ಕೆಲಸ ಕೊಡಲಿಲ್ಲ. ಅಸ್ಸಾಮಿನವರ ಚೀಲದಲ್ಲೂ ಇದೇ ಲೆಕ್ಕ. ಅವರ ಚೀಲ ಮಾತ್ರ ನೋಡಿದ್ದರಿಂದ ಅವರ ಚೀಲದಲ್ಲಿ ಮಾತ್ರ ಕಾಯಿ ಸಿಕ್ಕಿತು. ಸಿಕ್ಕಿದ್ದರಿಂದ ಮರುದಿನ ಮತ್ತೆ ನೋಡಿದೆ.

ಇದನ್ನು ಇಂಗ್ಲಿಷಿನಲ್ಲಿ ಅನ್‌ಕಾನ್ಷಿಯಸ್ ಬಯಾಸ್ ಅನ್ನುತ್ತಾರೆ. ನಮಗೇ ಅರಿವಿಲ್ಲದೆ ನಮ್ಮೊಳಗೆ ಕೂತಿರುವ ಪೂರ್ವಗ್ರಹ ಎನ್ನಬಹುದು. ಸಿಕಂದರಾಬಾದಿನಲ್ಲಿ ಬೆಳೆದು ಈಗ ಹಾರ್ವರ್ಡ್‌ನಲ್ಲಿ ಪಾಠ ಹೇಳುವ ಮನಶ್ಶಾಸ್ತ್ರಜ್ಞೆ ಮಹಜರೀನ್ ಬಾನಾಜಿ ಮತ್ತು ಅವರ ಸಹೋದ್ಯೋಗಿ ಆ್ಯಂಟನಿ ಗ್ರೀನ್‌ವಾಲ್ಡ್ 1995ರಲ್ಲಿ ಇದರ ಬಗ್ಗೆ ಬರೆದ ಮೇಲೆ ಈ ವಿಷಯ ಜಗತ್ತಿನಾದ್ಯಂತ ಚರ್ಚೆಗೆ ಬಂತು. ಮಿದುಳಿಗೆ ದಿನವಿಡೀ ಸಾವಿರ ಸಣ್ಣ ತೀರ್ಮಾನ ಮಾಡಬೇಕು. ಪ್ರತಿಯೊಂದಕ್ಕೂ ಕೂತು ಯೋಚಿಸಲಾಗುವುದಿಲ್ಲ. ಹಾಗಾಗಿ ಕೇಳಿದ್ದು, ಕಂಡಿದ್ದು ಎಲ್ಲ ಸೇರಿಸಿ ಅಡ್ಡದಾರಿ ಮಾಡಿಕೊಂಡಿರುತ್ತದೆ. ಕಾಡಿನಲ್ಲಿ ಸರಸರ ಸದ್ದಾದರೆ ಹಾವು ಎಂದು ಹಾರುವುದಕ್ಕೆ ಆ ಅಡ್ಡದಾರಿ ಒಳ್ಳೆಯದೇ. ಆದರೆ ಮನುಷ್ಯರ ಸಂಬಳ ಬರೆಯುವಾಗ ಅದು ಕೆಲಸಕ್ಕೆ ಬರುವುದಿಲ್ಲ.

ಇದು ಬರೀ ಎಸ್ಟೇಟಿನ ಕತೆಯಲ್ಲ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್ವೆಲ್ ಎಂಬ ಸಂಶೋಧಕರು ನಮ್ಮ ದೇಶದಲ್ಲೇ ಒಂದು ಪ್ರಯೋಗ ಮಾಡಿ, 2007ರಲ್ಲಿ ‘ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ಯಲ್ಲಿ ಪ್ರಕಟಿಸಿದರು. ಪತ್ರಿಕೆಗಳಲ್ಲಿ ಬಂದ ಖಾಸಗಿ ಕಂಪನಿಗಳ 548 ಉದ್ಯೋಗ ಜಾಹೀರಾತುಗಳಿಗೆ 4,808 ಅರ್ಜಿ ಕಳಿಸಿದರು. ವಿದ್ಯಾರ್ಹತೆ ಒಂದೇ, ಹೆಸರು ಮಾತ್ರ ಬೇರೆ ಬೇರೆ. ಕೆಲವು ಮೇಲ್ಜಾತಿಯ ಹೆಸರು, ಕೆಲವು ದಲಿತರ ಹೆಸರು, ಕೆಲವು ಮುಸ್ಲಿಂ ಹೆಸರು. ಮುಂದಿನ ಹಂತಕ್ಕೆ ಕರೆ ಬರುವ ಸಂಭವ ಮೇಲ್ಜಾತಿಯ ಹೆಸರಿಗೆ 1 ಎಂದಿಟ್ಟುಕೊಂಡರೆ, ಅದೇ ಅರ್ಹತೆಯ ದಲಿತ ಹೆಸರಿಗೆ 0.67, ಮುಸ್ಲಿಂ ಹೆಸರಿಗೆ 0.33 ಬಂತು. ಆ ಕಂಪನಿಗಳಲ್ಲಿ ಅರ್ಜಿ ನೋಡಿದವರಲ್ಲಿ ಎಷ್ಟು ಜನ ‘ನಾನು ತಾರತಮ್ಯ ಮಾಡುತ್ತೇನೆ’ ಎಂದು ಒಪ್ಪಿಕೊಂಡಾರು? ನಾನೂ ಒಪ್ಪಿಕೊಳ್ಳುತ್ತಿರಲಿಲ್ಲ. ನನಗೆ ಪುಸ್ತಕದಲ್ಲಿ ಪೆನ್ಸಿಲ್ ಗುರುತು ಕಂಡಿತು, ಅಷ್ಟೇ.

ಕಾಳಜಿಯ ವೇಷ

ಪೂರ್ವಗ್ರಹ ಯಾವಾಗಲೂ ಅನುಮಾನದ ಮುಖದಲ್ಲೇ ಬರುವುದಿಲ್ಲ. ಒಮ್ಮೊಮ್ಮೆ ಅಕ್ಕರೆಯ ಮುಖದಲ್ಲೂ ಬರುತ್ತದೆ. ಅದನ್ನು ಹಿಡಿಯುವುದು ಇನ್ನೂ ಕಷ್ಟ.

ಆ ಹೊತ್ತಿಗೆ ಕಾಳುಮೆಣಸು ಕೊಯ್ಲು ಶುರುವಾಗುವುದರಲ್ಲಿತ್ತು. ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಬಳ್ಳಿಯಿಂದ ಏಣಿ ಹತ್ತಿ ಕರೆ ಬಿಡಿಸಬೇಕು. ಏಣಿ ಕೆಲಸಕ್ಕೆ ಸಂಬಳ ಹೆಚ್ಚು. ಮೊದಲ ದಿನ ಹಾಜರಿ ಹಾಕುವಾಗ ನಾನು ಗಂಡಸರ ಹೆಸರನ್ನಷ್ಟೇ ಕೂಗಿದೆ. ನಲವತ್ತು ದಾಟಿದ ಒಬ್ಬ ಅಕ್ಕ ಸುಮ್ಮನೆ ಹತ್ತಿರ ಬಂದು, ‘ನಾನೂ ಏಣಿ ಹತ್ತುತ್ತೀನಮ್ಮ’ ಅಂದರು. ‘ಬೇಡ ಅಕ್ಕ, ಬಿದ್ದುಗಿದ್ದರೆ ಕಷ್ಟ. ನೀವು ಆರಾಮಾಗಿ ಹಣ್ಣು ಕೊಯ್ಯಿರಿ’ ಅಂದೆ. ಒಳ್ಳೆಯ ಮಾತು ಹೇಳಿದೆ ಎಂದೇ ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಕಳಸದ ಹತ್ತಿರದ ತವರು ಮನೆಯ ಅರ್ಧ ಎಕರೆಯಲ್ಲಿ ಮೆಣಸು ಕೊಯ್ಯುವವರು ಅವರೊಬ್ಬರೇ. ಮದುವೆಗೆ ಮುಂಚಿನಿಂದಲೂ ಏಣಿ ಹತ್ತುತ್ತಿದ್ದಾರೆ.

‘ನೀನು ರಿಪೋರ್ಟ್ ಮಾಡು, ನೀಟಾಗಿ ಮಾಡ್ತೀಯಾ’ ಎಂದ ಗೆಳೆಯನಿಗೂ, ‘ನೀವು ಆರಾಮಾಗಿ ಹಣ್ಣು ಕೊಯ್ಯಿರಿ’ ಎಂದ ನನಗೂ ಏನು ವ್ಯತ್ಯಾಸ?

ಕಾನೂನು ಇದನ್ನು ಬಹಳ ಹಿಂದೆಯೇ ಯೋಚಿಸಿದೆ. ಒಂದೇ ಬಗೆಯ ಕೆಲಸಕ್ಕೆ ಗಂಡಿಗೂ ಹೆಣ್ಣಿಗೂ ಒಂದೇ ಸಂಬಳ ಎಂದು 1976ರ ಸಮಾನ ವೇತನ ಕಾಯ್ದೆ ಹೇಳಿತು. 2019ರ ವೇತನ ಸಂಹಿತೆಯಲ್ಲೂ ಅದೇ ಮಾತಿದೆ. ಆದರೆ ‘ಗಂಡಾಳಿನ ಕೆಲಸ’, ‘ಹೆಣ್ಣಾಳಿನ ಕೆಲಸ’ ಎಂದು ಬೆಳಿಗ್ಗೆಯೇ ಬೇರೆ ಮಾಡಿಬಿಟ್ಟರೆ, ಸಂಜೆ ಕಾನೂನು ಮುರಿಯದೆಯೇ ಸಂಬಳ ಬೇರೆಯಾಗುತ್ತದೆ. ಆ ಗೆರೆ ಎಳೆಯುವುದು ಸರ್ಕಾರವಲ್ಲ, ಹಾಜರಿ ಪುಸ್ತಕ ಹಿಡಿದ ನನ್ನಂಥವರು.

ಸರ್ಟಿಫಿಕೇಟ್ ನನ್ನ ಮೊಬೈಲಿನಲ್ಲೇ ಇತ್ತು!

ಸರಿ, ತಪ್ಪು ಗೊತ್ತಾಯಿತು. ಮುಂದೇನು? ‘ಇನ್ನು ಮೇಲೆ ಹಾಗೆ ಮಾಡುವುದಿಲ್ಲ’ ಎಂದುಕೊಂಡರೆ ಮುಗಿಯಿತಲ್ಲ?

ಮುಗಿಯುವುದಿಲ್ಲ. ಕಾಲೇಜಿನ ಪ್ಲೇಸ್‌ಮೆಂಟ್ ತರಬೇತಿಯಲ್ಲಿ ಇದೇ ವಿಷಯದ ಒಂದು ಗಂಟೆಯ ಆನ್‌ಲೈನ್ ಪಾಠ ನಮಗಾಗಿತ್ತು. ಸ್ಲೈಡು ನೋಡಿ, ಹತ್ತು ಪ್ರಶ್ನೆಗೆ ಹತ್ತೂ ಸರಿ ಉತ್ತರ ಕೊಟ್ಟು, ಸರ್ಟಿಫಿಕೇಟ್ ಇಳಿಸಿಕೊಂಡಿದ್ದೆ. ಅಸ್ಸಾಮಿನವರ ತೂಕ ಕಳೆಯುವಾಗ ಆ ಸರ್ಟಿಫಿಕೇಟ್ ನನ್ನ ಜೇಬಿನ ಮೊಬೈಲಿನಲ್ಲೇ ಇತ್ತು!

ನಾನೊಬ್ಬಳೇ ಹೀಗಲ್ಲ. 2018ರ ಏಪ್ರಿಲ್‌ನಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಸ್ಟಾರ್‌ಬಕ್ಸ್ ಕಾಫಿ ಅಂಗಡಿಯಲ್ಲಿ ಯಾರಿಗೋ ಕಾಯುತ್ತ ಕೂತಿದ್ದ ಇಬ್ಬರು ಕಪ್ಪು ಯುವಕರನ್ನು, ಅಂಗಡಿಯವರು ಕರೆಸಿದ ಪೊಲೀಸರು ಬಂಧಿಸಿದರು. ದೇಶವೇ ಗಲಾಟೆ ಎಬ್ಬಿಸಿತು. ಮೇ 29ರ ಮಧ್ಯಾಹ್ನ ಕಂಪನಿ ತನ್ನ ಸುಮಾರು 8,000 ಅಂಗಡಿಗಳನ್ನು ಮುಚ್ಚಿ ಸುಮಾರು 1.75 ಲಕ್ಷ ನೌಕರರಿಗೆ ಪೂರ್ವಗ್ರಹದ ಪಾಠ ಮಾಡಿಸಿತು. ಉದ್ದೇಶ ಒಳ್ಳೆಯದೇ. ಆದರೆ ಒಂದು ಮಧ್ಯಾಹ್ನದಲ್ಲಿ ಮನಸ್ಸು ಬದಲಾಗುತ್ತದೆಯೇ? ಇಂಥ 492 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದ ಸಂಶೋಧಕರು 2019ರಲ್ಲಿ ಹೇಳಿದ್ದು ಇಷ್ಟು: ಒಳಗಿನ ಪೂರ್ವಗ್ರಹದ ಅಳತೆಯನ್ನು ಸ್ವಲ್ಪ ಬದಲಾಯಿಸಬಹುದು, ಆದರೆ ಅದರಿಂದ ನಡವಳಿಕೆಯೂ ಬದಲಾಗುತ್ತದೆ ಎನ್ನಲು ಪುರಾವೆ ಕಾಣುವುದಿಲ್ಲ.

ಎಂಜಿನಿಯರಿಂಗ್ ಓದುವವಳಾದ್ದರಿಂದ ನನಗೆ ಮೊದಲು ಹೊಳೆದದ್ದು ಆ್ಯಪ್. ಯಂತ್ರಕ್ಕೆ ಅಸ್ಸಾಂ ಯಾವುದು, ಮೂಡಿಗೆರೆ ಯಾವುದು? ಅದಕ್ಕೇ ಬಿಟ್ಟರಾಯಿತು! ಆದರೆ ಅಮೆಜಾನ್ ಕಂಪನಿ ಇದನ್ನು ಮಾಡಿ ಕೈಸುಟ್ಟುಕೊಂಡಿದೆ. ಹತ್ತು ವರ್ಷದಲ್ಲಿ ಬಂದಿದ್ದ ಉದ್ಯೋಗ ಅರ್ಜಿಗಳನ್ನು ಓದಿಸಿ, ಒಳ್ಳೆಯ ಅಭ್ಯರ್ಥಿಯನ್ನು ಆರಿಸುವ ಸಾಫ್ಟ್‌ವೇರ್ ಮಾಡಿದರು. ಆ ಅರ್ಜಿಗಳಲ್ಲಿ ಬಹುಪಾಲು ಗಂಡಸರದ್ದು. ಯಂತ್ರ ಅದನ್ನೇ ಕಲಿಯಿತು. ಅರ್ಜಿಯಲ್ಲಿ ‘ಮಹಿಳಾ ಚೆಸ್ ಕ್ಲಬ್’ ಎಂಬಂಥ ಮಾತು ಕಂಡರೆ ಅಂಕ ಕಡಿಮೆ ಮಾಡುತ್ತಿತ್ತು. ಆ ಯೋಜನೆಯನ್ನು ಕೈಬಿಟ್ಟ ಸುದ್ದಿ 2018ರ ಅಕ್ಟೋಬರಿನಲ್ಲಿ ಹೊರಬಂತು. ನನ್ನ ಆ ಒಂಬತ್ತು ದಿನದ ಪುಸ್ತಕವನ್ನು ಯಂತ್ರಕ್ಕೆ ಓದಿಸಿದ್ದರೆ ಅದೂ ಅಸ್ಸಾಮಿನವರ ಚೀಲವನ್ನೇ ಸುರಿಸುತ್ತಿತ್ತು.

ರುಚಿ ನೋಡುವವರ ಮೇಜು

ದಾರಿ ಸಿಕ್ಕಿದ್ದು ಕಾಫಿಯಲ್ಲೇ. ಅದೂ ಆಕಸ್ಮಿಕವಾಗಿ.

ನನ್ನ ಚಿಕ್ಕಪ್ಪ ಚಿಕ್ಕಮಗಳೂರಿನ ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿದ್ದಾರೆ. ಸ್ಯಾಂಪಲ್ ಕೊಡಲು ಹೋದಾಗ ಅವರು ರುಚಿ ನೋಡುವ ಕೋಣೆಗೆ ಕರೆದುಕೊಂಡು ಹೋದರು. ಉದ್ದನೆಯ ಮೇಜು. ಅದರ ಮೇಲೆ ಸಾಲಾಗಿ ಬಟ್ಟಲು. ಒಂದು ಬಟ್ಟಲಿಗೆ ಇಷ್ಟೇ ಗ್ರಾಂ ಪುಡಿ, ಇಷ್ಟೇ ನೀರು, ಇಷ್ಟೇ ಬಿಸಿ. ನೀರು ಹಾಕಿ ನಾಲ್ಕು ನಿಮಿಷ ಬಿಟ್ಟು, ಮೇಲೆ ಕಟ್ಟಿದ ಕೆನೆಯಂಥ ಪುಡಿಯನ್ನು ಚಮಚದಿಂದ ಒಡೆದು, ಮೂಗು ಇಟ್ಟು ಪರಿಮಳ ನೋಡುತ್ತಾರೆ. ಆಮೇಲೆ ಸೊರ್ ಎಂದು ಎಳೆದುಕೊಂಡು ರುಚಿ ನೋಡಿ ಉಗುಳುತ್ತಾರೆ. ಮನೆಯಲ್ಲಿ ಹಾಗೆ ಸದ್ದು ಮಾಡಿ ಕುಡಿದರೆ ಅಜ್ಜಿ ಬೈಯುತ್ತಿದ್ದರು.

ನನ್ನ ಕಣ್ಣಿಗೆ ಬಿದ್ದದ್ದು ಬೇರೆ. ಯಾವ ಬಟ್ಟಲಿಗೂ ಎಸ್ಟೇಟಿನ ಹೆಸರಿಲ್ಲ. ಬರೀ ನಂಬರ್. ಇಬ್ಬರು ರುಚಿ ನೋಡುತ್ತಿದ್ದರು, ಒಬ್ಬರಿಗೊಬ್ಬರು ಮಾತಿಲ್ಲ. ಯಾಕೆ ಎಂದು ಕೇಳಿದೆ. ಚಿಕ್ಕಪ್ಪ ನಕ್ಕರು. ‘ಬಾಬಾಬುಡನ್‌ಗಿರಿ ಕಾಫಿ ಅಂತ ಮೊದಲೇ ಹೇಳಿದ್ರೆ ನಾಲಿಗೆ ಅರ್ಧ ಅಂಕ ಅಲ್ಲೇ ಕೊಟ್ಟುಬಿಡ್ತದೆ ಮಾರಾಯ್ತಿ. ಪಕ್ಕದವರು “ಆಹಾ” ಅಂದ್ರೆ ಇನ್ನರ್ಧ. ಅದಕ್ಕೇ ಮೊದಲು ಬರೀಬೇಕು, ಆಮೇಲೆ ಬಾಯಿ ಬಿಡಬೇಕು.’

ಕಾಫಿ ಮಂಡಳಿ 2002ರಿಂದ ನಡೆಸುತ್ತಿರುವ ‘ಫ್ಲೇವರ್ ಆಫ್ ಇಂಡಿಯಾ – ಫೈನ್ ಕಪ್’ ಸ್ಪರ್ಧೆಯಲ್ಲೂ ತೀರ್ಪುಗಾರರ ಮುಂದೆ ಬರುವುದು ಹೆಸರಲ್ಲ, ಸಂಕೇತ. ದೊಡ್ಡ ಎಸ್ಟೇಟು, ಸಣ್ಣ ಬೆಳೆಗಾರ ಎಂಬ ಭೇದ ಬಟ್ಟಲಿನಲ್ಲಿ ಕಾಣುವುದಿಲ್ಲ. ಕಾಫಿ ರುಚಿ ನೋಡುವುದು ಗಂಡಸರ ಕೆಲಸ ಎಂಬಂತಿದ್ದ 1970ರ ದಶಕದಲ್ಲಿ ಸುನಾಲಿನಿ ಮೆನನ್ ಕಾಫಿ ಮಂಡಳಿ ಸೇರಿ, ಅದರ ಗುಣಮಟ್ಟ ವಿಭಾಗದ ನಿರ್ದೇಶಕಿಯಾದರು. ಆಮೇಲೆ ಬೆಂಗಳೂರಿನಲ್ಲಿ ‘ಕಾಫಿಲ್ಯಾಬ್’ ಕಟ್ಟಿದರು. ಏಷ್ಯಾದ ಮೊದಲ ಮಹಿಳಾ ಕಾಫಿ ರುಚಿ ಪರೀಕ್ಷಕಿ ಎಂದು ಜಗತ್ತು ಅವರನ್ನು ಗುರುತಿಸುತ್ತದೆ.

ಆ ಕೋಣೆಯಲ್ಲಿ ನಿಂತಾಗ ಒಂದು ವಿಷಯ ಹೊಳೆಯಿತು. ರುಚಿ ನೋಡುವವರು ‘ನನಗೆ ಪಕ್ಷಪಾತ ಇಲ್ಲ’ ಎಂದು ಹೇಳಿಕೊಳ್ಳುವುದಿಲ್ಲ. ನಾಲಿಗೆ ಮೋಸ ಹೋಗುತ್ತದೆ ಎಂದು ಮೊದಲೇ ಒಪ್ಪಿಕೊಂಡು, ಮೋಸ ಹೋಗದಂತೆ ಮೇಜನ್ನು ಜೋಡಿಸಿಕೊಂಡಿದ್ದಾರೆ. ಮನಸ್ಸನ್ನು ತೊಳೆದು ಸ್ವಚ್ಛ ಮಾಡುವುದಕ್ಕೆ ಎಷ್ಟು ವರ್ಷ ಬೇಕೋ ಗೊತ್ತಿಲ್ಲ. ಮೇಜು ಜೋಡಿಸುವುದಕ್ಕೆ ಒಂದು ಬೆಳಿಗ್ಗೆ ಸಾಕು.

ಮನುಷ್ಯರನ್ನು ಆರಿಸುವುದಕ್ಕೂ ಇಂಥ ಮೇಜು ಉಂಟು. ಮುಂದೆ ನೊಬೆಲ್ ಪಡೆದ ಡೇನಿಯಲ್ ಕಾನ್‌ಮನ್ 1955ರಲ್ಲಿ ಇಸ್ರೇಲ್ ಸೈನ್ಯದಲ್ಲಿದ್ದರು. ವಯಸ್ಸು 21, ನನಗಿಂತ ಒಂದೇ ವರ್ಷ ಹೆಚ್ಚು. ಹೊಸಬರನ್ನು ಸಂದರ್ಶಿಸಿ ‘ಇವನು ಒಳ್ಳೆಯ ಸೈನಿಕನಾಗುತ್ತಾನೆ’ ಎಂದು ಒಟ್ಟಾರೆ ಅನ್ನಿಸಿದ್ದನ್ನು ಬರೆಯುವ ಪದ್ಧತಿ ಅಲ್ಲಿತ್ತು. ಆ ಊಹೆ ಹೆಚ್ಚಿನ ಸಲ ಸುಳ್ಳಾಗುತ್ತಿತ್ತು. ಕಾನ್‌ಮನ್ ಆರು ಗುಣಗಳನ್ನು ಬೇರೆ ಬೇರೆ ಮಾಡಿ, ಒಂದೊಂದಕ್ಕೂ ಗೊತ್ತಾದ ಪ್ರಶ್ನೆ ಕೇಳಿ, ಆಗಲೇ ಅಂಕ ಬರೆದು, ಆಮೇಲಷ್ಟೇ ಮುಂದಿನ ಗುಣಕ್ಕೆ ಹೋಗಬೇಕು ಎಂದರು. ‘ನಮ್ಮನ್ನು ಯಂತ್ರ ಮಾಡುತ್ತಿದ್ದೀರಿ’ ಎಂದು ಸಂದರ್ಶಕರು ಸಿಟ್ಟಾದರಂತೆ. ಆದರೆ ಫಲಿತಾಂಶ ಮೊದಲಿಗಿಂತ ಚೆನ್ನಾಗಿ ಬಂತು.

ಕ್ಯಾಂಪಸ್ ಸಂದರ್ಶನಗಳಲ್ಲಿ ನಮ್ಮಂಥ ಊರಿನಿಂದ ಹೋದವರಿಗೆ ಇದರ ಬೆಲೆ ಗೊತ್ತು. ಕನ್ನಡ ಮಾಧ್ಯಮದಲ್ಲಿ ಓದಿದ ನನ್ನ ಗೆಳತಿಯ ಇಂಗ್ಲಿಷ್ ಮೊದಲ ವಾಕ್ಯದಲ್ಲೇ ತಡವರಿಸಿತು. ಆಮೇಲೆ ಅವಳು ಸರ್ಕ್ಯೂಟ್ ಬಿಡಿಸಿ ತೋರಿಸಿದ್ದನ್ನು ಯಾರೂ ಸರಿಯಾಗಿ ನೋಡಲಿಲ್ಲ. ಭಾಷೆಗೆ ಬೇರೆ, ವಿಷಯಕ್ಕೆ ಬೇರೆ ಎಂದು ಅಂಕದ ಕಾಲಂ ಇದ್ದಿದ್ದರೆ ನೋಡಬೇಕಾಗುತ್ತಿತ್ತು.

ಚೀಟಿ ಎತ್ತುವ ಆಟ

ಅಪ್ಪನಿಗೆ ಪೆನ್ಸಿಲ್ ಗುರುತು ತೋರಿಸಿದೆ. ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ತಮ್ಮದೇ ಹಳೆಯ ಪುಸ್ತಕ ತೆಗೆದು ನೋಡಿದರು. ಅಲ್ಲೂ ಕತೆ ಬೇರೆಯಿರಲಿಲ್ಲ. ‘ಇಷ್ಟು ವರ್ಷ ನಂಗೆ ಕಾಣ್ಲೇ ಇಲ್ಲ ನೋಡು’ ಅಂದರು.

ಮರುದಿನದಿಂದ ಚೀಟಿ ತಂದೆವು. ಸಂಜೆ ತೂಕಕ್ಕೆ ಮುಂಚೆ ಎಲ್ಲರ ಹಾಜರಿ ನಂಬರ್ ಬರೆದ ಚೀಟಿಗಳನ್ನು ಡಬ್ಬಿಯಲ್ಲಿ ಹಾಕಿ ಐದು ಎತ್ತುವುದು. ಬಂದ ಐದು ಚೀಲ ಮಾತ್ರ ಸುರಿಸುವುದು. ಯಾರದ್ದೇ ಇರಲಿ, ಕಳೆಯುವ ಅಳತೆ ಒಂದೇ.

ಮೊದಲ ಚೀಟಿಯೇ ಇಪ್ಪತ್ತು ವರ್ಷದಿಂದ ಅಲ್ಲಿ ಕೆಲಸ ಮಾಡುವ, ನನ್ನನ್ನು ಎತ್ತಿ ಆಡಿಸಿದ ದೊಡ್ಡಮ್ಮನದ್ದು. ಚೀಲ ಸುರಿದಾಗ ಅಸ್ಸಾಮಿನವರ ಚೀಲಕ್ಕಿಂತ ಹೆಚ್ಚು ಹಸಿರು ಕಾಯಿ! ‘ನನ್ನ ಚೀಲಾನೂ ಸುರಿಸ್ತೀಯಾ ಪುಟ್ಟಿ? ಇಷ್ಟು ವರ್ಷ ಇಲ್ದಿದ್ದು ಈಗ ಎಂತಕ್ಕೆ?’ ಎಂದು ಮುಖ ತಿರುಗಿಸಿದರು. ಮೂರು ದಿನ ಮಾತು ಬಿಟ್ಟರು. ಅದು ನನಗೆ ನಿಜವಾಗಿಯೂ ನೋವಾಯಿತು. ಎಲ್ಲರನ್ನೂ ಒಂದೇ ರೀತಿ ನೋಡಲು ಹೊರಟರೆ, ಇಷ್ಟು ದಿನ ರಿಯಾಯಿತಿ ಪಡೆದವರಿಗೆ ಅದು ಅವಮಾನದಂತೆ ಕಾಣುತ್ತದೆ. ನಾಲ್ಕನೇ ದಿನ ಚೀಟಿ ಬರದಿದ್ದರೂ ದೊಡ್ಡಮ್ಮ ತಾವೇ ಚೀಲ ಸುರಿದು, ‘ತಗಾ, ನೋಡ್ಕೋ’ ಅಂದರು. ಒಂದು ಕಾಯಿ ಇದ್ದರೆ ಕೇಳಿ!

ಅಸ್ಸಾಮಿನವರ ಚೀಲದಲ್ಲಿ ಆಮೇಲೂ ಕಾಯಿ ಸಿಕ್ಕಿತು, ಊರಿನವರದರಲ್ಲೂ ಸಿಕ್ಕಿತು. ಅವರು ದೇವರಂಥವರು ಎಂದು ನಾನು ಹೇಳುತ್ತಿಲ್ಲ. ಎಲ್ಲರೂ ಒಂದೇ ಥರ ಎಂದಷ್ಟೇ ಗೊತ್ತಾಯಿತು.

ಏಣಿ ಕೆಲಸಕ್ಕೂ ಕ್ರಮ ಬದಲಾಯಿತು. ಹೆಸರು ಕೂಗುವ ಬದಲು ‘ಮೆಣಸಿಗೆ ಯಾರು ಬರ್ತೀರಿ?’ ಎಂದು ಎಲ್ಲರನ್ನೂ ಕೇಳಿದೆ. ಆ ಅಕ್ಕ ಕೈ ಎತ್ತಿದರು. ಇನ್ನೊಬ್ಬರು ಒಂದು ದಿನ ಹತ್ತಿ ನೋಡಿ, ‘ನಂಗೆ ತಲೆ ತಿರುಗ್ತದೆ’ ಎಂದು ವಾಪಸ್ ಹೋದರು. ಒಬ್ಬ ಅಣ್ಣನೂ ‘ನನಗೂ ಏಣಿ ಅಂದ್ರೆ ಹೆದರಿಕೆ, ಇಷ್ಟು ದಿನ ಹೇಳಕ್ಕೆ ನಾಚಿಕೆ ಆಗ್ತಿತ್ತು’ ಎಂದು ಹಣ್ಣು ಕೊಯ್ಯಲು ಹೋದರು. ಗಂಡಾಳಿನ ಕೆಲಸ ಎಂಬ ಗೆರೆಯಿಂದ ಅವರಿಗೂ ಕಷ್ಟವಾಗುತ್ತಿತ್ತು ಎಂದು ನನಗೆ ಹೊಳೆದೇ ಇರಲಿಲ್ಲ.

ನಂಬರ್ ಎಲ್ಲಿ, ಹೆಸರು ಎಲ್ಲಿ?

ಒಂದು ವಿಷಯ ಉಳಿದಿತ್ತು. ಚೀಟಿ ಬರೆಯಲು ಹಾಜರಿ ಪುಸ್ತಕ ತೆಗೆದಾಗ ಗಮನಿಸಿದೆ. ಊರಿನವರಿಗೆಲ್ಲ ಹೆಸರಿತ್ತು. ಕೊನೆಯ ಆರು ಸಾಲಿನಲ್ಲಿ ‘ಅಸ್ಸಾಂ 1, ಅಸ್ಸಾಂ 2, ಅಸ್ಸಾಂ 3...’ ಎಂದಿತ್ತು. ಆ ಆರು ಜನ ನಮ್ಮ ಲೈನ್ ಮನೆಯಲ್ಲಿದ್ದು ಎರಡು ತಿಂಗಳಾಗಿತ್ತು.

ಕಾಫಿ ಬಟ್ಟಲಿಗೆ ಹೆಸರು ತೆಗೆದು ನಂಬರ್ ಕೊಟ್ಟಿದ್ದು ನ್ಯಾಯಕ್ಕಾಗಿ. ಇಲ್ಲಿ ಮನುಷ್ಯರಿಗೆ ನಂಬರ್ ಕೊಟ್ಟಿದ್ದೇ ಅನ್ಯಾಯ. ಎರಡೂ ನಂಬರೇ. ನನಗೆ ಈಗ ಅರ್ಥವಾದದ್ದು ಹೀಗೆ: ಅಳೆಯುವಾಗ ಹೆಸರು ಮರೆಯಬೇಕು, ಅಳೆದು ಮುಗಿದ ಮೇಲೆ ಹೆಸರು ಗೊತ್ತಿರಬೇಕು. ‘ಅಸ್ಸಾಂ 3’ರ ಎರಡು ಕೆ.ಜಿ. ಕಳೆಯುವುದು ಸುಲಭ. ಊರಲ್ಲಿ ಅಜ್ಜಿಯ ಹತ್ತಿರ ಮಗುವನ್ನು ಬಿಟ್ಟು ಬಂದವಳ, ಭಾನುವಾರ ಮಗುವಿನ ಜೊತೆ ವಿಡಿಯೊ ಕಾಲ್ ಮಾಡಲು ಸಿಗ್ನಲ್ ಹುಡುಕಿ ಗುಡ್ಡ ಹತ್ತುವವಳ ಎರಡು ಕೆ.ಜಿ. ಕಳೆಯುವ ಮುನ್ನ ಕೈ ಒಮ್ಮೆ ತಡೆಯುತ್ತದೆ. ಆರು ಜನರನ್ನೂ ಕೂರಿಸಿಕೊಂಡು ಹೆಸರು ಕೇಳಿ, ಉಚ್ಚಾರ ಸರಿ ಮಾಡಿಸಿಕೊಂಡು, ಪುಸ್ತಕದಲ್ಲಿ ಬರೆದೆ. ನನ್ನ ಉಚ್ಚಾರ ಕೇಳಿ ಅವರು ಬಿದ್ದು ಬಿದ್ದು ನಕ್ಕರು.

ನೀವೂ ಎಲ್ಲೋ ಒಂದು ಕಡೆ ಕೆಲಸ ಹಂಚುವವರೇ. ಕಾಲೇಜಿನ ಫೆಸ್ಟ್ ಇರಬಹುದು, ಪ್ರಾಜೆಕ್ಟ್ ಇರಬಹುದು, ನಾಳೆ ಕಂಪನಿಯ ಟೀಮ್ ಇರಬಹುದು. ಒಂದು ವಾರ ಬರೆದಿಡಿ: ಯಾರಿಗೆ ಯಾವ ಕೆಲಸ ಕೊಟ್ಟಿರಿ, ಯಾರ ತಪ್ಪನ್ನು ಹುಡುಕಿದಿರಿ, ಯಾರ ಮ���ತನ್ನು ಅರ್ಧಕ್ಕೆ ತುಂಡರಿಸಿದಿರಿ. ನೆನಪು ಸುಳ್ಳು ಹೇಳುತ್ತದೆ, ಪುಸ್ತಕ ಹೇಳುವುದಿಲ್ಲ. ಆಮೇಲೆ ಒಂದೇ ಒಂದು ಕ್ರಮ ಬದಲಾಯಿಸಿ. ಚೀಟಿ ಎತ್ತಿ, ಸರದಿ ಮಾಡಿ, ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿ, ಮೊದಲು ಬರೆದು ಆಮೇಲೆ ಮಾತಾಡಿ. ಯಾರಾದರೂ ‘ಅವರ ಚೀಲ ಯಾಕೆ ನೋಡಲ್ಲ?’ ಎಂದು ಕೇಳಿದರೆ, ನನ್ನ ಹಾಗೆ ‘ಮುಂದಿನವರು ಬನ್ನಿ’ ಅನ್ನಬೇಡಿ. ಆ ಪ್ರಶ್ನೆ ಕೇಳಲು ಆಕೆಗೆ ಎಷ್ಟು ಧೈರ್ಯ ಬೇಕಾಗಿತ್ತು ಎಂದು ನನಗೆ ಈಗ ಅನ್ನಿಸುತ್ತದೆ. ಮರುದಿನದಿಂದ ಕೆಲಸ ಬೇಡ ಎಂದಿದ್ದರೆ ಅವರು ಎಲ್ಲಿಗೆ ಹೋಗಬೇಕಿತ್ತು?

ಆ ವಾರದ ಬಟವಾಡೆಯಲ್ಲಿ ಅಪ್ಪ ಕಳೆದಿದ್ದ 31 ಕೆ.ಜಿ.ಯ ದುಡ್ಡನ್ನು ಸೇರಿಸಿಕೊಟ್ಟರು. ಮಾಲೀಕರಿಗೆ ‘ತೂಕ ಬರೆಯುವಾಗ ನಮ್ಮಿಂದ ತಪ್ಪಾಗಿತ್ತು’ ಎಂದು ಇದ್ದದ್ದನ್ನು ಇದ್ದಂತೆ ಹೇಳಿದರು. ದೊಡ್ಡ ಮೊತ್ತವೇನಲ್ಲ. ನಾನು ಹೆಸರು ಹಿಡಿದು ಕರೆದೆ. ಆಕೆ ಬಂದು ನೋಟು ಎಣಿಸಿ, ಹೆಚ್ಚಿದೆ ಎಂದು ವಾಪಸ್ ಕೊಡಲು ಬಂದಳು. ಯಾಕೆ ಹೆಚ್ಚಿದೆ ಎಂದು ನನ್ನ ಹರುಕು ಹಿಂದಿಯಲ್ಲಿ ವಿವರಿಸುವಷ್ಟರಲ್ಲಿ ಸಾಕಾಯಿತು. ಅರ್ಥವಾಯಿತೋ ಇಲ್ಲವೋ, ‘ಠೀಕ್ ಹೈ ದೀದಿ’ ಎಂದು ದುಡ್ಡನ್ನು ಸೆರಗಿಗೆ ಕಟ್ಟಿಕೊಂಡು ಸಂತೆಗೆ ಹೊರಟಳು.

ಈ ಸೆಮಿಸ್ಟರಿನ ಪ್ರಾಜೆಕ್ಟಿನಲ್ಲಿ ನಮ್ಮ ಗುಂಪಿನಲ್ಲೂ ಚೀಟಿ ಎತ್ತಿದೆವು. ನನಗೆ ಸರ್ಕ್ಯೂಟ್ ಬಂತು. ಸೋಲ್ಡರಿಂಗ್ ಮಾಡಲು ಹೋಗಿ ಎರಡು ಬೆರಳು ಸುಟ್ಟುಕೊಂಡಿದ್ದೇನೆ. ರಿಪೋರ್ಟ್ ಬರೆಯುವ ಕೆಲಸ ಸಿಕ್ಕ ಗೆಳೆಯ, ‘ಇದು ಇಷ್ಟು ಕಷ್ಟ ಅಂತ ಗೊತ್ತಿರ್ಲಿಲ್ಲ ಕಣೇ’ ಎಂದು ದಿನಾ ಗೊಣಗುತ್ತಿದ್ದಾನೆ.